ಉಸಿರಾಡುವ ಗಾಳಿಗೂ ಒಂದು ವಲಯ

ಹೊಲಕ್ಕೆ ಬದುವಿದೆ, ಮನೆಗೆ ಗೋಡೆಯಿದೆ, ಊರಿಗೆ ಎಲ್ಲೆಕಲ್ಲಿದೆ. ಕಾಲುವೆಯ ನೀರಿಗೂ ಸರದಿಯೆಂಬುದುಂಟು. ಆದರೆ ನಾವು ಹಗಲಿರುಳೂ ಸೇವಿಸುವ ಗಾಳಿಗೆ ಇಂತಹ ಯಾವ ಮೇರೆಯೂ ಇಲ್ಲ. ನೆರೆಮನೆಯ ಬಚ್ಚಲೊಲೆಯಲ್ಲಿ ಹಸಿ ಸೌದೆ ಉರಿದರೆ ನಮ್ಮ ತೊಟ್ಟಿಲಿನ ಕೂಸು ಕೆಮ್ಮುತ್ತದೆ. ನಾವು ಗದ್ದೆಯ ಕೂಳೆಗೆ ಬೆಂಕಿಯಿಟ್ಟರೆ ಮುಂದಿನ ಊರಿನ ಹಿರಿಯರಿಗೆ ಉಬ್ಬಸ ಕೆರಳುತ್ತದೆ. ಹೀಗಿರಲು ಗಾಳಿಯನ್ನು ಶುದ್ಧವಾಗಿಡುವ ಹೊಣೆ ಯಾರದು?

ಪ್ರತಿಯೊಬ್ಬರೂ ತಮ್ಮ ಮನೆಯ ಮಟ್ಟಿಗೆ ಎಚ್ಚರದಿಂದಿದ್ದರೆ ಸಾಕೆಂಬ ಉತ್ತರ ಸುಲಭವಾದುದು, ಆದರೆ ಅಪೂರ್ಣವಾದುದು. ನೂರು ಮನೆಗಳ ಊರಿನಲ್ಲಿ ಒಂದು ಮನೆ ಮಾತ್ರ ಹೊಗೆಯನ್ನು ನಿಲ್ಲಿಸಿದರೆ ಆ ಮನೆಯವರೂ ಉಳಿದ ತೊಂಬತ್ತೊಂಬತ್ತು ಮನೆಗಳ ಹೊಗೆಯನ್ನೇ ಉಸಿರಾಡಬೇಕಾಗುತ್ತದೆ. ಆದುದರಿಂದಲೇ ಹಲವು ದೇಶಗಳು, ನಮ್ಮ ದೇಶವೂ ಸೇರಿದಂತೆ, ಒಂದು ಪ್ರದೇಶದ ಸುತ್ತ ಕಾನೂನಿನ ಗೆರೆಯನ್ನೆಳೆದು, ಆ ಗೆರೆಯೊಳಗಿನ ಒಲೆ, ಕುಲುಮೆ, ವಾಹನ, ಹೊಲ ಎಲ್ಲಕ್ಕೂ ಒಂದೇ ಕಟ್ಟಳೆಯನ್ನು ವಿಧಿಸುವ ಕ್ರಮವನ್ನು ಅನುಸರಿಸಿವೆ. ಆ ಕ್ರಮವೇನು, ಅದರಿಂದ ಹಳ್ಳಿಯ ಸಂಸಾರಕ್ಕೆ ಆಗುವುದೇನು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಹೊಗೆ ಎಲ್ಲಿ ತಂಗುತ್ತದೆ?

ಜಲಾನಯನ ಪ್ರದೇಶವೆಂಬ ಮಾತನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಒಂದು ದಿಣ್ಣೆಯ ಈಚೆಗೆ ಬಿದ್ದ ಮಳೆ ಒಂದು ಕೆರೆಗೂ ಆಚೆಗೆ ಬಿದ್ದ ಮಳೆ ಮತ್ತೊಂದು ಕೆರೆಗೂ ಹರಿಯುತ್ತದೆ. ಅಲ್ಲಿ ಎಲ್ಲೆಯನ್ನು ನಿಶ್ಚಯಿಸುವುದು ಕಂದಾಯದ ನಕ್ಷೆಯಲ್ಲ, ನೆಲದ ಏರಿಳಿತ. ಗಾಳಿಗೂ ಹೀಗೆಯೇ ಒಂದು ಹರವುಂಟು. ಸುತ್ತಣ ಬೆಟ್ಟಗಳು, ಬೀಸುವ ಗಾಳಿಯ ದಿಕ್ಕು ಮತ್ತು ಋತುಮಾನ ಇವು ಕೂಡಿ, ಎಲ್ಲಿ ಹುಟ್ಟಿದ ಹೊಗೆ ಎಲ್ಲಿಯವರ ಮೂಗನ್ನು ಸೇರಬೇಕೆಂಬುದನ್ನು ನಿಶ್ಚಯಿಸುತ್ತವೆ. ಒಂದೇ ಗಾಳಿಯನ್ನು ಹಂಚಿಕೊಂಡು ಬಾಳುವ ಇಂತಹ ಪ್ರದೇಶವನ್ನು ವಾಯುವಲಯವೆಂದು ಕರೆಯೋಣ.

ಮಾಗಿಯ ಸಂಜೆ ಊರ ಹೊರಗಿನ ದಿಣ್ಣೆಯ ಮೇಲೆ ನಿಂತು ನೋಡಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ ಮೇಲೇರಿ ಕರಗಿಹೋಗುವ ಹೊಗೆ, ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಹೆಂಚಿನ ಎತ್ತರಕ್ಕೇರಿ ಅಲ್ಲಿಯೇ ನೀಲಿ ಪದರವಾಗಿ ಹಾಸಿಕೊಳ್ಳುತ್ತದೆ. ಕಾರಣವಿಷ್ಟೆ: ಚಳಿಯ ರಾತ್ರಿಗಳಲ್ಲಿ ನೆಲ ಬೇಗನೆ ತಣಿದು, ನೆಲಕ್ಕೆ ತಾಗಿದ ಗಾಳಿಯೂ ತಂಪಾಗಿ ಭಾರವಾಗುತ್ತದೆ, ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಬೆಚ್ಚನೆಯ ಈ ಪದರವು ಪಾತ್ರೆಯ ಮೇಲಿನ ಮುಚ್ಚಳದಂತೆ ಕೂತು ಕೆಳಗಿನ ಹೊಗೆಯನ್ನು ಮೇಲೇರಗೊಡದು. ಸೂರ್ಯ ಏರಿ ನೆಲ ಕಾಯುವವರೆಗೂ ಮುಚ್ಚಳ ತೆರೆಯದು. ಊರಿನ ಎಲ್ಲ ಒಲೆಗಳೂ ಉರಿಯುವ ಸಂಜೆ ಮತ್ತು ಮುಂಜಾನೆಗಳೇ ಮುಚ್ಚಳ ಬಿಗಿಯಾಗಿರುವ ಹೊತ್ತೂ ಹೌದು.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಪಿ.ಎಂ. 2.5 ಎಂದು ಕರೆಯಲ್ಪಡುವ ಕಣವು ತಲೆಗೂದಲಿನ ದಪ್ಪದ ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಮೂಗಿನ ಕೂದಲು, ಗಂಟಲಿನ ಕಫ ಇವು ಅದನ್ನು ತಡೆಯಲಾರವು. ಅದು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿದು, ಅತಿ ಸಣ್ಣ ಅಂಶವು ರಕ್ತಕ್ಕೂ ಸೇರುತ್ತದೆ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಅನಿಲವು ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಗರ್ಭಿಣಿಯು ದಿನಂಪ್ರತಿ ಹೊಗೆಯಲ್ಲಿ ಕುಳಿತರೆ ಗರ್ಭಸ್ಥ ಶಿಶುವಿಗೆ ದೊರೆಯಬೇಕಾದ ಪೋಷಣೆ ಕಡಿಮೆಯಾಗಿ, ಮಗು ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯ, ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ಹೆಂಗಸರಲ್ಲಿ ದೀರ್ಘಕಾಲದ ಶ್ವಾಸರೋಗ ಮತ್ತು ಕಣ್ಣಿನ ಪೊರೆ ಇವೂ ಹೊಗೆಯ ಫಲಗಳೇ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನಮ್ಮ ದೇಶದ 2009ರ ಮಾನಕದಂತೆ, ಒಂದು ಘನ ಮೀಟರು ಗಾಳಿಯಲ್ಲಿ ಈ ಸೂಕ್ಷ್ಮ ಕಣಗಳು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ಮೈಕ್ರೋಗ್ರಾಂ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಸೌದೆ ಉರಿಯುವ ಹೊತ್ತು ಇದು ಹಲವು ನೂರಕ್ಕೆ ಏರುವುದು ಸಾಮಾನ್ಯ.

ಲಂಡನ್ನಿನ ಪಾಠ

ವಲಯದ ಕಲ್ಪನೆ ಕಾನೂನಿನ ರೂಪದಲ್ಲಿ ಬಲವಾಗಿ ಬೇರೂರಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಜನ ಚಳಿ ಕಾಯಿಸಲು ಪ್ರತಿ ಕೋಣೆಯ ಅಗ್ಗಿಷ್ಟಿಕೆಯಲ್ಲಿಯೂ ಕಲ್ಲಿದ್ದಲನ್ನು ಉರಿಸುತ್ತಿದ್ದರು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ಗಾಳಿ ಅಲುಗಾಡದೆ ನಿಂತಿತು. ನಾವು ಮೇಲೆ ವಿವರಿಸಿದ ಮುಚ್ಚಳವು ಐದು ದಿನ ತೆರೆಯಲಿಲ್ಲ. ಮನೆಗಳ ಹೊಗೆ, ವಿದ್ಯುದಾಗಾರಗಳ ಹೊಗೆ, ಮಂಜು ಇವು ಬೆರೆತು ಹಗಲಿನಲ್ಲಿಯೂ ಎದುರಿಗಿರುವವರ ಗುರುತು ಹತ್ತದಂತಾಯಿತು. ಆ ದಿನಗಳಲ್ಲೂ ಅನಂತರದ ಕೆಲವು ವಾರಗಳಲ್ಲೂ ಸಾಮಾನ್ಯಕ್ಕಿಂತ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತರೆಂದು ಆಗ ಲೆಕ್ಕ ಹಾಕಲಾಯಿತು. ಈಚಿನ ಸಂಶೋಧಕರು ಈ ಸಂಖ್ಯೆ 12,000ದಷ್ಟಿರಬಹುದೆನ್ನುತ್ತಾರೆ. ಸತ್ತವರಲ್ಲಿ ಮುದುಕರೂ ಹಸುಗೂಸುಗಳೂ ಹೆಚ್ಚಾಗಿದ್ದರು.

1956ರಲ್ಲಿ ಅಲ್ಲಿನ ಸಂಸತ್ತು ಶುದ್ಧ ವಾಯು ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ನಗರಸಭೆಯು ತನ್ನ ಪ್ರದೇಶದ ಯಾವುದೇ ಭಾಗವನ್ನು ಹೊಗೆ ನಿಯಂತ್ರಣ ಪ್ರದೇಶವೆಂದು ಘೋಷಿಸಬಹುದಾಗಿತ್ತು. ಅಂತಹ ಪ್ರದೇಶದಲ್ಲಿ ಮನೆಯ ಹೊಗೆಗೊಳವೆಯಿಂದ ಹೊಗೆ ಬಿಡುವುದೇ ಅಪರಾಧ. ಹೊಗೆಯಿಲ್ಲದೆ ಉರಿಯುವ, ಅಂಗೀಕೃತ ಇಂಧನವನ್ನು ಮಾತ್ರ ಬಳಸಬೇಕು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕಾಯಿದೆಯು ಜನರಿಗೆ ನಿಷೇಧವನ್ನು ಹೇಳಿ ಸುಮ್ಮನಾಗಲಿಲ್ಲ. ಹಳೆಯ ಅಗ್ಗಿಷ್ಟಿಕೆಯನ್ನು ಬದಲಾಯಿಸಲು ತಗಲುವ ಯುಕ್ತ ವೆಚ್ಚದಲ್ಲಿ ಹತ್ತರಲ್ಲಿ ನಾಲ್ಕು ಪಾಲನ್ನು ಸರ್ಕಾರವೂ ಮೂರು ಪಾಲನ್ನು ನಗರಸಭೆಯೂ ಕೊಟ್ಟವು. ಮನೆಯವನ ಪಾಲಿಗೆ ಉಳಿದದ್ದು ಮೂರು ಮಾತ್ರ. ಗೆರೆಯೆಳೆದ ಸರ್ಕಾರ ಗೆರೆಯೊಳಗಿನವನ ಕೈ ಹಿಡಿದುದರಿಂದಲೇ ಆ ಕಾನೂನು ಕಾಗದದಲ್ಲಿ ಉಳಿಯದೆ ಮನೆಗಳನ್ನು ಹೊಕ್ಕಿತೆಂದು ಹೇಳಬಹುದು. ಬಡವನ ಒಲೆಯನ್ನು ನಂದಿಸಿ, ಬೇರೆ ಒಲೆಯನ್ನು ಕೊಡದ ವಲಯವು ವಲಯವಲ್ಲ, ದಂಡ ವಸೂಲಿಯ ಗಡಿ ಮಾತ್ರ.

ಆ ಕಾಲದಲ್ಲಿ ಕಾರ್ಖಾನೆ ಮತ್ತು ವಿದ್ಯುದಾಗಾರಗಳಿಗೆ ಮತ್ತೊಂದು ಉಪಾಯವೂ ರೂಢಿಗೆ ಬಂದಿತು. ಹೊಗೆಗೊಳವೆಯನ್ನು ಬಹಳ ಎತ್ತರಕ್ಕೆ ಕಟ್ಟಿದರೆ ಹೊಗೆ ಊರ ಮೇಲೆ ಬೀಳದೆ ದೂರ ಹೋಗುತ್ತದೆಂಬುದೇ ಆ ಉಪಾಯ. ಹೋದದ್ದೇನೋ ನಿಜ, ಸಮುದ್ರವನ್ನು ದಾಟಿ ಸ್ವೀಡನ್, ನಾರ್ವೆ ದೇಶಗಳ ಕೆರೆಗಳ ಮೇಲೆ ಆಮ್ಲದ ಮಳೆಯಾಗಿ ಬಿದ್ದಿತು! ವಲಯವನ್ನು ಗುರುತಿಸುವಾಗ ಹೊಗೆ ಹುಟ್ಟುವ ಸ್ಥಳವನ್ನು ಮಾತ್ರವಲ್ಲದೆ ಅದು ಇಳಿಯುವ ಸ್ಥಳವನ್ನೂ ನೋಡಬೇಕೆಂಬುದು ಇದರಿಂದ ತಿಳಿಯುತ್ತದೆ.

ಸೌದೆಯನ್ನೇ ಉರಿಸುವ ದೇಶವೊಂದರ ಉದಾಹರಣೆಯೂ ನಮಗೆ ಉಪಯುಕ್ತ. ನ್ಯೂಜಿಲೆಂಡಿನಲ್ಲಿ ಚಳಿಗಾಲದ ವಾಯುಮಾಲಿನ್ಯಕ್ಕೆ ಮುಖ್ಯ ಕಾರಣ ಮನೆ ಬೆಚ್ಚಗಿಡಲು ಉರಿಸುವ ಕಟ್ಟಿಗೆ. ಅಲ್ಲಿ 2004ರಲ್ಲಿ ರಾಷ್ಟ್ರೀಯ ಮಾನಕಗಳನ್ನು ಗೊತ್ತುಮಾಡಿ, ಮರುವರ್ಷದಿಂದ ವಾಯುವಲಯಗಳನ್ನು ರಾಜಪತ್ರದಲ್ಲಿ ಪ್ರಕಟಿಸಲಾಯಿತು. ಎರಡು ಹೆಕ್ಟೇರಿಗಿಂತ ಚಿಕ್ಕ ನಿವೇಶನದ ಮನೆಯಲ್ಲಿ ಹೊಸದಾಗಿ ಕೂರಿಸುವ ಕಟ್ಟಿಗೆ ಒಲೆಯು, ಒಂದು ಕಿಲೋಗ್ರಾಂ ಒಣ ಕಟ್ಟಿಗೆಗೆ ಒಂದೂವರೆ ಗ್ರಾಮಿಗಿಂತ ಹೆಚ್ಚು ಕಣಗಳನ್ನು ಹೊರಬಿಡತಕ್ಕದ್ದಲ್ಲ. ವಿಶಾಲವಾದ ಹೊಲದ ನಡುವಿನ ಒಂಟಿಮನೆಗೆ ಈ ಕಟ್ಟಳೆಯಿಲ್ಲ. ಏಕೆಂದರೆ ಅದೇ ಒಲೆ ಒಂಟಿಮನೆಯಲ್ಲಿ ಉರಿದರೆ ಹೊಗೆ ಬಯಲಿನಲ್ಲಿ ಚದರಿಹೋಗುತ್ತದೆ, ಒತ್ತೊತ್ತಾದ ಕೇರಿಯಲ್ಲಿ ಉರಿದರೆ ಕೇರಿಯಲ್ಲಿಯೇ ನಿಲ್ಲುತ್ತದೆ. ನಮ್ಮ ತೋಟದ ಮನೆಗೂ ಊರೊಳಗಿನ ಜೋಡುಗೋಡೆಯ ಮನೆಗೂ ಇರುವ ಅಂತರ ಇದೇ ಅಲ್ಲವೇ?

ತಾಜಮಹಲಿನ ಸುತ್ತಣ ಗೆರೆ

ಭಾರತದಲ್ಲಿ ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮವು 1981ರಲ್ಲಿ ಜಾರಿಗೆ ಬಂದಿತು. ಅದರ 19ನೆಯ ಪ್ರಕರಣವು ವಲಯದ ಮೂಲ. ರಾಜ್ಯ ಸರ್ಕಾರವು ಮಾಲಿನ್ಯ ನಿಯಂತ್ರಣ ಮಂಡಲಿಯೊಂದಿಗೆ ಸಮಾಲೋಚಿಸಿ, ಯಾವುದೇ ಪ್ರದೇಶವನ್ನು ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ರಾಜಪತ್ರದಲ್ಲಿ ಘೋಷಿಸಬಹುದು. ಎಲ್ಲೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಅಂತಹ ಪ್ರದೇಶದಲ್ಲಿ ಅಂಗೀಕೃತವಲ್ಲದ ಇಂಧನವನ್ನು ನಿಷೇಧಿಸುವ ಅಧಿಕಾರವಿದೆ, ಆದರೆ ಪ್ರಕಟಣೆಯ ದಿನದಿಂದ ಕನಿಷ್ಠ ಮೂರು ತಿಂಗಳ ಅವಕಾಶ ಕೊಡಬೇಕು. ಇಂಧನವಲ್ಲದ ಪದಾರ್ಥಗಳನ್ನು, ಎಂದರೆ ಕಸ ಮುಂತಾದವುಗಳನ್ನು, ಸುಡುವುದನ್ನೂ ನಿಷೇಧಿಸಬಹುದು. ನಿಯಂತ್ರಣ ಪ್ರದೇಶದಲ್ಲಿ ಕಾರ್ಖಾನೆಯನ್ನು ಸ್ಥಾಪಿಸಲು ಮಂಡಲಿಯ ಪೂರ್ವ ಸಮ್ಮತಿ ಅಗತ್ಯವೆಂದು 21ನೆಯ ಪ್ರಕರಣ ವಿಧಿಸುತ್ತದೆ.

ಈ ವಲಯಕ್ರಮವನ್ನು ನಮ್ಮ ದೇಶದಲ್ಲಿ ಜನರ ಕಣ್ಣಿಗೆ ತಂದದ್ದು ಆಗ್ರಾದ ತಾಜಮಹಲು. ಬಿಳಿಯ ಅಮೃತಶಿಲೆ ಹಳದಿಯಾಗುತ್ತಿದೆಯೆಂಬ ದೂರು ಸರ್ವೋಚ್ಚ ನ್ಯಾಯಾಲಯವನ್ನು 1984ರಲ್ಲಿ ಮುಟ್ಟಿತು. ಆಗ್ರಾ, ಮಥುರಾ, ಫಿರೋಜಾಬಾದ್, ರಾಜಸ್ಥಾನದ ಭರತಪುರ ಇವುಗಳನ್ನೊಳಗೊಂಡ ಸುಮಾರು 10,400 ಚದರ ಕಿಲೋಮೀಟರಿನ, ಓರೆ ಅಂಚುಗಳ ಚೌಕಟ್ಟಿನಂತಹ ಪ್ರದೇಶಕ್ಕೆ ‘ತಾಜ್ ಟ್ರೆಪೀಜಿಯಂ ವಲಯ’ವೆಂದು ಹೆಸರಾಯಿತು. ಎರಡು ರಾಜ್ಯಗಳ ಎಲ್ಲೆಯನ್ನು ಈ ವಲಯ ಲೆಕ್ಕಿಸಲಿಲ್ಲ; ಗಾಳಿಯೂ ಲೆಕ್ಕಿಸುವುದಿಲ್ಲವಷ್ಟೆ. 1996ರ ಡಿಸೆಂಬರ್ 30ರಂದು ನ್ಯಾಯಾಲಯವು ತೀರ್ಪಿತ್ತು, 292 ಕಾರ್ಖಾನೆಗಳು ಕಲ್ಲಿದ್ದಲನ್ನು ತೊರೆದು ನೈಸರ್ಗಿಕ ಅನಿಲಕ್ಕೆ ಮಾರ್ಪಡಬೇಕು, ಇಲ್ಲವೆ ವಲಯದಿಂದ ಹೊರಗೆ ಹೋಗಬೇಕೆಂದು ಆದೇಶಿಸಿತು. ಸ್ಥಳಾಂತರಗೊಳ್ಳುವ ಕಾರ್ಖಾನೆಯ ಕೆಲಸಗಾರರ ನೌಕರಿ ಮುಂದುವರಿಯಬೇಕು, ಮುಚ್ಚಿದ ಅವಧಿಗೂ ಪೂರ್ಣ ವೇತನ ಸಲ್ಲಬೇಕೆಂದೂ ಹೇಳಿತು. ಲಂಡನ್ನಿನಲ್ಲಿ ನಾವು ಕಂಡ ಅದೇ ವಿವೇಕವನ್ನು ಇಲ್ಲಿಯೂ ಕಾಣಬಹುದು.

ನಮ್ಮ ಹೆಣ್ಣುಮಕ್ಕಳು ತೊಡುವ ಗಾಜಿನ ಬಳೆಗಳಿಗೆ ಫಿರೋಜಾಬಾದ್ ಪ್ರಸಿದ್ಧವಾದ ಊರು. ಅಲ್ಲಿನ ಗಾಜಿನ ಕುಲುಮೆಗಳೂ ಈ ವಲಯಕ್ಕೆ ಸೇರಿದವು. ಕಲ್ಲಿದ್ದಲು ಹೋಗಿ ಅನಿಲ ಬಂದುದು ಈ ಕಟ್ಟಳೆಯಿಂದಲೇ. ಕಲ್ಲಿನ ಗೋರಿಯನ್ನು ಉಳಿಸಲೆಂದು ಎಳೆದ ಗೆರೆಯು ಅದರೊಳಗೆ ಉಸಿರಾಡುವ ಲಕ್ಷಾಂತರ ಸಂಸಾರಗಳಿಗೂ ಉಪಕಾರಿಯಾಯಿತು. ಮೊದಲು ಅವರಿಗಾಗಿಯೇ ಎಳೆಯಬೇಕಾಗಿತ್ತೆಂದು ಯಾರಾದರೂ ಹೇಳಿದರೆ ಅದನ್ನು ತಪ್ಪೆನ್ನಲಾಗದು.

ದೆಹಲಿಯ ಸಂಗತಿ ಇನ್ನೂ ಈಚಿನದು. ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಭತ್ತದ ಕೂಳೆಯನ್ನು ಸುಟ್ಟ ಹೊಗೆಯು ನೂರಾರು ಕಿಲೋಮೀಟರು ಹರಿದು ದೆಹಲಿಯ ವಾಹನಗಳ ಹೊಗೆಯೊಡನೆ ಬೆರೆಯುತ್ತದೆ. ಪ್ರತಿ ರಾಜ್ಯದ ಮಂಡಲಿಯೂ ತನ್ನ ಎಲ್ಲೆಯೊಳಗೆ ಮಾತ್ರ ನೋಡುತ್ತಿದ್ದುದರಿಂದ ಬಹುಕಾಲ ಇದಕ್ಕೆ ಒಡೆಯರೇ ಇರಲಿಲ್ಲ. 2021ರ ಅಧಿನಿಯಮದಿಂದ ದೆಹಲಿ ಮತ್ತು ಅದಕ್ಕೆ ತಾಗಿದ ನಾಲ್ಕು ರಾಜ್ಯಗಳ ಪ್ರದೇಶಗಳಿಗೆ ಒಂದೇ ವಾಯು ಗುಣಮಟ್ಟ ನಿರ್ವಹಣಾ ಆಯೋಗ ಏರ್ಪಟ್ಟಿತು. ಗಾಳಿಯ ಸೂಚ್ಯಂಕವು 200, 300, 400, 450 ಮೀರಿದಂತೆ ಒಂದೊಂದೇ ಮೆಟ್ಟಿಲಾಗಿ ನಿರ್ಬಂಧಗಳು ಬಿಗಿಯಾಗುತ್ತವೆ. ಆಯೋಗ ಬಂದ ಮೇಲೂ ದೆಹಲಿಯ ಚಳಿಗಾಲ ನಿರ್ಮಲವಾಗಿಲ್ಲ. ಕೂಳೆ ಸುಡುವ ರೈತನಿಗೆ ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ದೊರೆಯುವುದು ಕೆಲವೇ ವಾರಗಳು. ಆ ಅವಸರಕ್ಕೆ ತಕ್ಕ ಉಪಕರಣ ಅವನ ಹೊಲಕ್ಕೆ ವೇಳೆಗೆ ಸರಿಯಾಗಿ ಬಾರದಿದ್ದರೆ ದಂಡದ ಭಯವೊಂದೇ ಬೆಂಕಿಯನ್ನು ತಡೆಯಲಾರದು.

ನಮ್ಮ ರಾಜ್ಯದಲ್ಲಿ

2019ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಆರಂಭಿಸಿ, ಮಾನಕವನ್ನು ಮುಟ್ಟದ ನಗರಗಳನ್ನು ಹೆಸರಿಸಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಪಟ್ಟಿಯಲ್ಲಿ ಹಳ್ಳಿಗಳಿಲ್ಲವೆಂಬುದರಿಂದ ಹಳ್ಳಿಯ ಗಾಳಿ ನಿರ್ಮಲವೆಂದು ತಿಳಿಯಬಾರದು. ಗಾಳಿಯನ್ನಳೆಯುವ ಯಂತ್ರಗಳು ಬಹುಮಟ್ಟಿಗೆ ನಗರಗಳಲ್ಲಿಯೇ ಇವೆ. ತೂಗದ ಮಗುವಿನ ತೂಕ ಸರಿಯಾಗಿದೆಯೆಂದು ಹೇಳಲು ಬರುವುದೇ?

ಹಳ್ಳಿಗಳಿಗೆ ನೇರವಾಗಿ ಸಂಬಂಧಿಸಿದ ವಲಯದ ಕಾನೂನೊಂದು ನಮ್ಮ ರಾಜ್ಯದಲ್ಲಿ ಉಂಟು. ಅದು ಜಲ್ಲಿ ಕ್ರಷರುಗಳನ್ನು ನಿಯಂತ್ರಿಸುವ 2011ರ ಕರ್ನಾಟಕ ಅಧಿನಿಯಮ. ಕಲ್ಲು ಪುಡಿಮಾಡುವ ಘಟಕಗಳು ಮನಬಂದ ಕಡೆ ತಲೆಯೆತ್ತದೆ, ‘ಸುರಕ್ಷಿತ ವಲಯ’ವೆಂದು ಘೋಷಿತವಾದ ಸ್ಥಳದಲ್ಲಿ ಪರವಾನಗಿ ಪಡೆದೇ ನಡೆಯಬೇಕೆಂಬುದು ಇದರ ತಿರುಳು. ಪರವಾನಗಿಯ ವಿಚಾರವನ್ನು ನೋಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ವಲಯವನ್ನು ಗುರುತಿಸುವಾಗ ಜನವಸತಿ, ರಸ್ತೆ ಮುಂತಾದವುಗಳಿಂದ ಇರಬೇಕಾದ ದೂರವನ್ನು ಪರಿಗಣಿಸಲಾಗುತ್ತದೆ. ಅಧಿನಿಯಮಕ್ಕೆ ತಿದ್ದುಪಡಿಗಳಾಗಿರುವುದರಿಂದ, ಸದ್ಯದಲ್ಲಿ ಅನ್ವಯಿಸುವ ದೂರವನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಛೇರಿಯಲ್ಲಿ ವಿಚಾರಿಸಿ ತಿಳಿಯುವುದು ಒಳ್ಳೆಯದು.

ಇದೇಕೆ ಸಂಸಾರದ ವಿಷಯವೆಂದರೆ, ಕಲ್ಲಿನ ಧೂಳಿನಲ್ಲಿ ಸಿಲಿಕಾ ಎಂಬ ಪದಾರ್ಥವಿರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಡುಸಾಗಿ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಬಾರದಂತೆ ತಡೆಯಬಹುದು, ಅಷ್ಟೆ. ಅಂಥವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಕ್ರಷರಿನಲ್ಲಿ ದುಡಿಯುವ ಗಂಡಸು ಧೂಳುಬಟ್ಟೆಯಲ್ಲಿಯೇ ಮನೆಗೆ ಬಂದು ಮಗುವನ್ನೆತ್ತಿಕೊಂಡರೆ ಆ ಧೂಳು ಮಗುವಿಗೂ ಸೇರುತ್ತದೆ. ಜಲ್ಲಿ ಬೀಳುವ ಕಡೆಗಳಲ್ಲಿ ನೀರು ಸಿಂಪಡಿಸುವುದು, ಯಂತ್ರಕ್ಕೆ ಹೊದಿಕೆ ಹಾಕುವುದು, ಸುತ್ತ ಗೋಡೆ ಕಟ್ಟಿ ಮರಗಳನ್ನು ಬೆಳೆಸುವುದು ಮಾಲೀಕನ ಕರ್ತವ್ಯ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಚ್ಚಿ, ಕೈಕಾಲು ಮುಖ ತೊಳೆದು ಮನೆಗೆ ಬರುವುದು ಕೆಲಸಗಾರನ ಕೈಯಲ್ಲಿರುವ ಮಾತು.

ಊರ ಬಳಿ ಇಂತಹ ಘಟಕ ಬರುವ ಸುದ್ದಿ ತಿಳಿದಾಗ, ಅದು ಬರುವ ಮುನ್ನವೇ ವಿಚಾರಿಸಬೇಕು. ಸ್ಥಳವು ಸುರಕ್ಷಿತ ವಲಯದಲ್ಲಿದೆಯೇ? ಮಂಡಲಿಯ ಸಮ್ಮತಿ ದೊರೆತಿದೆಯೇ? ಈ ಎರಡು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಯಿಸುವುದು ಉತ್ತಮ. ಕೆಲಸ ಆರಂಭವಾಗಿ ತೊಂದರೆ ಕಂಡರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯ ಪ್ರಾದೇಶಿಕ ಕಛೇರಿಯ ಪರಿಸರ ಅಧಿಕಾರಿಗೆ ಲಿಖಿತ ದೂರು ಕೊಡಬಹುದು. ದೂರಿನಲ್ಲಿ ‘ಬಹಳ ತೊಂದರೆಯಾಗಿದೆ’ ಎಂದು ಬರೆದರೆ ಸಾಲದು. ಸರ್ವೆ ನಂಬರು, ಧೂಳು ಅಥವಾ ಹೊಗೆ ಬರುವ ದಿನ ಮತ್ತು ವೇಳೆ, ಗಾಳಿ ಬೀಸುವ ದಿಕ್ಕು, ತೊಂದರೆಗೊಳಗಾದ ಮನೆಗಳ ಸಂಖ್ಯೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಂಡವರ ಚೀಟಿಯ ನಕಲು ಇವಿಷ್ಟೂ ಇದ್ದರೆ ಅಧಿಕಾರಿಯು ಅದನ್ನು ಬದಿಗಿಡುವುದು ಕಷ್ಟ. ಅಲ್ಲಿಯೂ ಪರಿಹಾರ ಸಿಗದಿದ್ದರೆ 2010ರ ಅಧಿನಿಯಮದಂತೆ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ದಕ್ಷಿಣ ವಲಯ ಪೀಠವು ಚೆನ್ನೈಯಲ್ಲಿದೆ.

ಮನೆಯೆಂಬ ಮೊದಲ ವಲಯ

ಸರ್ಕಾರ ಗುರುತಿಸುವ ವಲಯ ದೊಡ್ಡದು. ಗಂಡಹೆಂಡಿರ ಆಳ್ವಿಕೆಗೆ ಸೇರಿದ ವಲಯ ಮನೆ, ಹಿತ್ತಿಲು ಮತ್ತು ಹೊಲ. ದೊಡ್ಡ ವಲಯಕ್ಕೆ ಅನ್ವಯಿಸುವ ನ್ಯಾಯವೇ ಇಲ್ಲಿಗೂ ಅನ್ವಯಿಸುತ್ತದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು, ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಗೊಳವೆಯುಳ್ಳ ಒಲೆಯೊಂದನ್ನು ರೂಪಿಸಿತು. ಅಸ್ತ್ರ ಒಲೆಯೆಂದು ಅದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮನೆಮಾತಾಯಿತು. ಅಡಿಗೆಮನೆಯ ಹೊಗೆ ಹೊರಗೆ ಹೋಗುವುದಲ್ಲದೆ ಸೌದೆಯೂ ಉಳಿಯುವುದರಿಂದ ಅದು ಬಹಳ ಉಪಕಾರಿಯಾದ ಒಲೆ. ಆದರೆ ಯಾವ ಹೊಗೆಗೊಳವೆಯೂ ಹೊಗೆಯನ್ನು ಇಲ್ಲವಾಗಿಸದು, ಒಳಗಿನಿಂದ ಬೀದಿಗೆ ಸಾಗಿಸುತ್ತದೆ. ಕೇರಿಯ ಎಲ್ಲ ಕೊಳವೆಗಳ ಹೊಗೆ ಮಾಗಿಯ ಸಂಜೆ ಮರಳಿ ಕಿಟಕಿಯಿಂದ ಒಳಬರುತ್ತದೆ. ಆದುದರಿಂದಲೇ ಅನಿಲದ ಒಲೆಗೆ ಇಷ್ಟು ಮಹತ್ವ.

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಅಡಿಗೆ ಅನಿಲ ಸಂಪರ್ಕಗಳು ಬಡ ಮನೆಗಳ ಗೃಹಿಣಿಯರ ಹೆಸರಿಗೆ ದೊರೆತಿವೆ. ಹೀಗಿದ್ದರೂ ಅನೇಕ ಮನೆಗಳಲ್ಲಿ ಸಿಲಿಂಡರು ಮೂಲೆಯಲ್ಲಿ ಕುಳಿತಿದೆ, ಸೌದೆ ಒಲೆ ಉರಿಯುತ್ತಲೇ ಇದೆ. ಚಹಾ ಕಾಯಿಸಲು, ನೆಂಟರು ಬಂದಾಗ ಮಾತ್ರ ಅನಿಲ. ಕಾರಣ ಸಿಲಿಂಡರಿನ ಬೆಲೆ. ಸೌದೆಗೆ ಹಣ ಕೊಡಬೇಕಾಗಿಲ್ಲ, ಹೆಂಡತಿಯ ಶ್ರಮ ಮಾತ್ರ ಸಾಕೆಂಬ ಲೆಕ್ಕ ಮನೆಯ ಯಜಮಾನನ ಮನಸ್ಸಿನಲ್ಲಿರುತ್ತದೆ. ಆ ಲೆಕ್ಕದಲ್ಲಿ ಅವಳ ಕೆಮ್ಮಿನ ಔಷಧಿಯ ಖರ್ಚು, ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಕಳೆದುಹೋದ ಕೂಲಿ ಇವು ಸೇರಿರುವುದಿಲ್ಲ. ಹೊಗೆಯಲ್ಲಿ ಕೂರಬೇಡವೆಂದು ಬಾಯಲ್ಲಿ ಹೇಳಿ ಸಿಲಿಂಡರಿಗೆ ಹಣ ಕೊಡದ ಗಂಡನಿಗೂ, ಬೇರೆ ಒಲೆ ಕೊಡದೆ ನಿಷೇಧ ಹೇರುವ ಸರ್ಕಾರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ತಿಂಗಳ ಖರ್ಚನ್ನು ಗಂಡಹೆಂಡಿರಿಬ್ಬರೂ ಕುಳಿತು ಲೆಕ್ಕ ಹಾಕಿ, ಸಿಲಿಂಡರಿನ ಹಣವನ್ನು ಮೊದಲೇ ತೆಗೆದಿಡುವುದು ಯುಕ್ತ. ಇಡೀ ವರ್ಷ ಸಾಧ್ಯವಾಗದಿದ್ದರೆ, ಹೆಂಡತಿ ಗರ್ಭಿಣಿಯಾಗಿರುವ ಮತ್ತು ಮಗು ಎಳೆಯದಾಗಿರುವ ಕಾಲದಲ್ಲಿಯಾದರೂ, ಅದರಲ್ಲೂ ಚಳಿಗಾಲದ ತಿಂಗಳುಗಳಲ್ಲಿ, ಸೌದೆ ಒಲೆಯನ್ನು ದೂರವಿಡಬೇಕು.

ರೊಟ್ಟಿ ಸೌದೆ ಒಲೆಯಲ್ಲಿಯೇ ರುಚಿಯೆನ್ನುವವರಿದ್ದಾರೆ. ಅವರೊಡನೆ ವಾದಿಸುವುದು ವ್ಯರ್ಥ. ಅಂತಹ ಒಲೆಯನ್ನು ಹಿತ್ತಿಲಿನ ತೆರೆದ ಚಪ್ಪರದಲ್ಲಿಟ್ಟು, ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಿ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಕೂರದಿದ್ದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಬಚ್ಚಲೊಲೆಯನ್ನು ಹೊತ್ತಿಸಲು ಪ್ಲಾಸ್ಟಿಕ್ ಕವರು, ಟಯರಿನ ತುಂಡುಗಳನ್ನು ಹಾಕುವ ರೂಢಿ ಮಾತ್ರ ಯಾವ ಕಾರಣಕ್ಕೂ ಸಲ್ಲದು. ಅವುಗಳ ಹೊಗೆಯಲ್ಲಿ ಸೌದೆಯ ಹೊಗೆಯಲ್ಲಿರುವುದಕ್ಕಿಂತ ಘೋರವಾದ ವಿಷಗಳಿರುತ್ತವೆ.

ಹೊಲದಲ್ಲಿ ಕೂಳೆಯನ್ನೂ ಕಬ್ಬಿನ ರವದಿಯನ್ನೂ ಸುಡುವುದರಿಂದ ಗಾಳಿಯೊಂದೇ ಕೆಡುವುದಿಲ್ಲ, ಮಣ್ಣಿಗೆ ಸೇರಬೇಕಾದ ಸಾರವೂ ಸುಟ್ಟುಹೋಗುತ್ತದೆ. ರವದಿಯನ್ನು ಸಾಲುಗಳ ನಡುವೆ ಹಾಸಿದರೆ ತೇವ ಉಳಿದು ಕಳೆ ತಗ್ಗುತ್ತದೆ. ಭತ್ತದ ಹುಲ್ಲು ದನಗಳ ಮೇವು. ಕೂಳೆಯನ್ನು ರೋಟವೇಟರಿನಿಂದ ಮಣ್ಣಿಗೆ ಸೇರಿಸಬಹುದು. ಬಾಡಿಗೆ ಯಂತ್ರದ ಖರ್ಚು ಒಬ್ಬನಿಗೆ ಹೆಚ್ಚೆನಿಸಿದರೆ ಅಕ್ಕಪಕ್ಕದ ಹೊಲದವರು ಕೂಡಿ ಒಂದೇ ದಿನ ತರಿಸಿಕೊಳ್ಳುವುದು ಲಾಭಕರ.

ಹೊಗೆ ಕೆಳಗೆ ತಂಗುವ ತಿಂಗಳುಗಳಲ್ಲಿ ಮಗುವಿಗೆ ಕೆಮ್ಮು ನೆಗಡಿಯಾದರೆ ಅದರ ಉಸಿರನ್ನು ಎಣಿಸುವುದನ್ನು ತಾಯಿತಂದೆಯರಿಬ್ಬರೂ ಕಲಿತಿರಬೇಕು. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರಾಟವಿದ್ದರೆ ಅದು ನ್ಯುಮೋನಿಯದ ಚಿಹ್ನೆಯಿರಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಉಸಿರೆಳೆಯುವಾಗ ಪಕ್ಕೆಲುಬುಗಳ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ ಅಥವಾ ಮಂಕಾಗಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ ರಾತ್ರಿಯಾದರೂ ಆಸ್ಪತ್ರೆಗೆ ಸೇರಿಸಿರಿ.